ಮುರಕಲ್ಲಿನ ಹಿತ್ತಲಲ್ಲಿ ಒಂದು ಕೊಳ

ಮಣಿಪಾಲದ ಹತ್ತಿರ ನಮ್ಮ ಮನೆ. ನಾಲ್ಕು ವರ್ಷದ ಹಿಂದೆ ಹಿತ್ತಲಲ್ಲಿ ಸಣ್ಣ ಕೊಳ ಮಾಡಿಸಿದೆ. ನೀರು ತುಂಬಿದ ದಿನವೇ ಗೊತ್ತಾಯಿತು, ಒಂದು ಬದಿಯ ಅಂಚು ಎರಡು ಇಂಚು ತಗ್ಗು. ಅಲ್ಲಿಂದ ನೀರು ಹೊರಗೆ ಹರಿಯುತ್ತದೆ, ಎದುರು ಬದಿಯಲ್ಲಿ ಪ್ಲಾಸ್ಟಿಕ್ ಶೀಟು ಹಲ್ಲು ಕಿರಿಯುತ್ತದೆ. ಕಣ್ಣಳತೆ ನಂಬಿದ್ದು ನನ್ನದೇ ತಪ್ಪು. ಮೇಸ್ತ್ರಿಗಳು ಪಾಯದ ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿಯುತ್ತಾರಲ್ಲ, ಅದನ್ನು ಹಿಡಿದಿದ್ದರೆ ಹತ್ತು ನಿಮಿಷದ ಕೆಲಸ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯಲ್ಲಿ ನೀರು ನಿಲ್ಲಿಸಲು ಶೀಟು ಯಾಕೆ ಬೇಕು? ಕಾರಣ ಕಾಲಡಿಯ ಮುರಕಲ್ಲು, ಇಂಗ್ಲಿಷಿನಲ್ಲಿ ಲ್ಯಾಟರೈಟ್. ಒಂದು ತುಂಡು ಎತ್ತಿ ನೋಡಿ, ಮೈಯೆಲ್ಲ ತೂತು. ಬಂಡೆಯಲ್ಲಿ ಕರಗುವಂಥದ್ದನ್ನೆಲ್ಲ ಮಳೆ ಲಕ್ಷಾಂತರ ವರ್ಷ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ ಉಳಿದ ಕಲ್ಲು ಇದು. ಆ ಕೆಂಪು ಒಂದು ರೀತಿಯಲ್ಲಿ ತುಕ್ಕಿನ ಬಣ್ಣ. ಮಳೆಗಾಲದಲ್ಲಿ ಬಾವಿ ತುಂಬುವುದೂ ಈ ತೂತುಗಳಿಂದಲೇ, ಹೊಸ ಹೊಂಡ ಬರಿದಾಗುವುದೂ ಇವುಗಳಿಂದಲೇ.

ಹಿಂದಿನವರ ಉಪಾಯ ಜೇಡಿಮಣ್ಣು. ಅದರ ಕಣಗಳು 0.002 ಮಿಲಿಮೀಟರ್‌ಗಿಂತ ಸಣ್ಣವು, ಹಪ್ಪಳದ ಹಾಗೆ ಚಪ್ಪಟೆ. ಒದ್ದೆ ಮಾಡಿ ತುಳಿದರೆ ಒಂದರ ಮೇಲೊಂದು ಕೂತು ದಾರಿ ಮುಚ್ಚುತ್ತವೆ. ಗದ್ದೆಯನ್ನು ಉತ್ತು ಕೆಸರು ಮಾಡುವುದರ ಒಳಗುಟ್ಟೂ ಇದೇ. ಆದರೆ ಏಪ್ರಿಲ್ ಬಿಸಿಲಿಗೆ ನಮ್ಮಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ನೀರು ಆವಿಯಾಗುತ್ತದೆ. ನೀರು ಇಳಿದಲ್ಲಿ ಜೇಡಿ ಬಿರುಕು ಬಿಡುತ್ತದೆ. ಹಾಗಾಗಿ ನಾನು ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಶೀಟು ಹಾಸಿ, ಮೇಲೆ ಮಣ್ಣು ಹರಡಿದೆ. ಮಾಮೂಲಿ ಟರ್ಪಾಲ್ ಬೇಡ. ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತದೆ.

ಕೊಳ ಸಹಜವಾಗಿ ಕಾಣಬೇಕೆಂದು ಜನ ಸುತ್ತ ಉರುಟು ಕಲ್ಲು ಜೋಡಿಸುತ್ತಾರೆ. ನನಗೆ ಅದು ಹೋಟೆಲಿನ ಕಾರಂಜಿಯ ಹಾಗೆ ಕಾಣುತ್ತದೆ. ಜುಲೈಯಲ್ಲಿ ಯಾವುದಾದರೂ ಪದವಿನ, ಅಂದರೆ ಮುರಕಲ್ಲಿನ ಬಯಲುಗುಡ್ಡದ ಮೇಲೆ ನಡೆದು ನೋಡಿ. ಅಲ್ಲಿ ಮಳೆನೀರು ನಿಂತ ಗುಂಡಿಗಳಿಗೆ ದಡ ಎಂಬುದೇ ಇಲ್ಲ. ಒದ್ದೆ ಹುಲ್ಲು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು, ಹೇಳುವುದು ಕಷ್ಟ. ನಾನು ಕೊಳದ ಅಂಚನ್ನು ಒಡೆದು ಮತ್ತೆ ಮಾಡಿಸಿದ್ದು ಅದನ್ನು ನೋಡಿದ ಮೇಲೆ. ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಆಳ, ಅಷ್ಟು ನಿಧಾನದ ಇಳಿಜಾರು. ನಡುವೆ ಮಾತ್ರ ಎರಡೂವರೆ ಅಡಿ, ಬೇಸಿಗೆಯಲ್ಲಿ ಕೆಳಗಿನ ನೀರು ತಂಪಾಗಿರಲಿ ಎಂದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೇಲಿ ಬೇಕೇ ಬೇಕು.

ಇಳಿಜಾರಿನಲ್ಲಿ ಒಂದೊಂದು ಆಳಕ್ಕೆ ಒಂದೊಂದು ಗಿಡ ತಾನೇ ಜಾಗ ಹಿಡಿಯುತ್ತದೆ. ಮೇಲೆ ತಿಮರೆ, ಅಂದರೆ ಒಂದೆಲಗ. ಅದರ ಕೆಳಗೆ ಕೆಸು ಮತ್ತು ಬಜೆ. ಆಳದಲ್ಲಿ ನೈದಿಲೆ. ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆಗೆ ಬೇಕಾದ ಕೆಸುವಿನ ಎಲೆಗೆ ಈಗ ನಾವು ಪೇಟೆಗೆ ಹೋಗುವುದಿಲ್ಲ. ಕಪ್ಪೆಗೆ ಹತ್ತಿ ಇಳಿಯಲು, ಹಕ್ಕಿಗೆ ಮೀಯಲು ಬೇಕಾದದ್ದೂ ಅಂಚಿನ ಈ ಬೆರಳುದ್ದದ ನೀರೇ.

ಪಕ್ಕದ ಮನೆಯವರು ಮೊದಲ ದಿನವೇ ಕೇಳಿದರು, “ಎಂಥ ಮಾರಾಯ್ರೆ, ಸೊಳ್ಳೆ ಸಾಕ್ಲಿಕ್ಕೆ ಹೊಂಡವಾ?” ಸುಮ್ನೆ ಕೇಳಿದ್ದಲ್ಲ. ಮಂಗಳೂರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ಕೊಚ್ಚೆ ಬೇಡ, ತಾರಸಿಯ ಟ್ಯಾಂಕಿಯ ಶುದ್ಧ ನೀರೇ ಸಾಕು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ತನ್ನ ಮರಿಗಳನ್ನು ತಿನ್ನುವವರು ಇಲ್ಲದ ಜಾಗ. ಹೊಸ ಕೊಳ ಮೊದಲ ಕೆಲವು ವಾರ ಅಂಥದ್ದೇ. ಮೊಟ್ಟೆ ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ಹತ್ತು ದಿನ ಸಾಕು. ಅದಕ್ಕೇ ಗದ್ದೆ ಬದಿಯ ತೋಡಿನಿಂದ, ತಲೆ ಮೇಲೆ ಬಿಳಿ ಚುಕ್ಕೆ ಹೊಳೆಯುವ ಸಣ್ಣ ಮೀನು ಆರೇಳು ತಂದು ಬಿಟ್ಟೆ. ನೀರಿನ ಮೇಲ್ಮೈಯಲ್ಲೇ ಇರುವ ಮೀನು, ಸೊಳ್ಳೆಮರಿ ಇರುವುದೂ ಅಲ್ಲೇ. ಪರದೇಶದ ಗಪ್ಪಿ, ಗಾಂಬೂಸಿಯಾ ಬೇಡ. ತಪ್ಪಿಸಿಕೊಂಡು ತೋಡು ಸೇರಿದರೆ ಊರ ಮೀನಿಗೆ ಮತ್ತು ಗೊದಮೊಟ್ಟೆಗೆ ಕಂಟಕ.

ಆಮೇಲೆ ಏರೋಪ್ಲೇನ್ ಚಿಟ್ಟೆಗಳು ಕರೆಯದೆಯೇ ಬಂದು ಮೊಟ್ಟೆ ಇಟ್ಟವು. ಇವುಗಳ ಮರಿ ನೀರೊಳಗಿನ ಹುಲಿ. ಕೆಳತುಟಿಯನ್ನು ಕೈಯ ಹಾಗೆ ಮಡಚಿಟ್ಟುಕೊಂಡಿರುತ್ತದೆ. ಸೊಳ್ಳೆಮರಿ ಹತ್ತಿರ ಬಂದರೆ ಚಕ್ಕನೆ ಚಾಚಿ ಹಿಡಿಯುತ್ತದೆ. ಓಡಬೇಕಾದರೆ ಹಿಂಬದಿಯಿಂದ ನೀರು ಚಿಮ್ಮಿಸಿ ರಾಕೆಟ್‌ನಂತೆ ಮುಂದೆ ಹಾರುತ್ತದೆ.

ಮೂರನೇ ವಾರಕ್ಕೆ ನೀರು ಹಸಿರಾಯಿತು. ಎಲ್ಲರೂ ಇಲ್ಲಿ ಎಡವುತ್ತಾರೆ, ನಾನೂ ಎಡವಿದೆ. ಎರಡು ಸಲ ಪೂರ್ತಿ ಖಾಲಿ ಮಾಡಿ ತುಂಬಿಸಿದೆ, ಎರಡೂ ಸಲ ಹಸಿರು. ಮಣ್ಣಿನ ಗೊಬ್ಬರದ ಅಂಶ ನೀರಿಗೆ ಇಳಿದಾಗ ಮೊದಲು ಉಣ್ಣಲು ಕೂರುವುದು ಪಾಚಿ. ಗಿಡಗಳು ಬೇರು ಬಿಟ್ಟು ಪಾಲು ಕೇಳಬೇಕು, ನೈದಿಲೆ ಎಲೆ ಅರ್ಧ ಕೊಳಕ್ಕೆ ನೆರಳು ಕೊಡಬೇಕು. ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೇಟ್ ಮಾಡಿ ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಕಲ್ಲು, ಕಾಂಡಗಳ ಮೇಲೆ ಮನೆ ಮಾಡಬೇಕು. ಪ್ರತಿ ಸಲ ತಿಕ್ಕಿ ತೊಳೆದಾಗ ನಾನು ಇವರನ್ನೆಲ್ಲ ಓಡಿಸುತ್ತಿದ್ದೆ. ಮೂರನೇ ಸಲ ಸೋಮಾರಿತನದಿಂದ ಬಿಟ್ಟೆ. ಎರಡು ತಿಂಗಳಲ್ಲಿ ತಳ ಕಂಡಿತು.

ಈಗ ಕೆಲಸ ಕಡಿಮೆ. ಬಿದ್ದ ಹಲಸಿನ ಎಲೆ ಹೆಕ್ಕುವುದು. ಅಂತರಗಂಗೆ ಕಂಡರೆ ಅದೇ ದಿನ ಕೀಳುವುದು. ಕಿತ್ತ ಕಳೆಯನ್ನು ಒಂದು ರಾತ್ರಿ ಅಂಚಿನಲ್ಲೇ ಬಿಡುತ್ತೇನೆ, ಅದರಲ್ಲಿ ಸಿಕ್ಕಿಕೊಂಡ ಹುಳುಗಳು ನೀರಿಗೆ ವಾಪಸ್ ಹೋಗಲಿ ಎಂದು.

2016ರಲ್ಲಿ ಮಣಿಪಾಲದ ಸುತ್ತಲಿನ ಮುರಕಲ್ಲಿನ ಜಾಗಗಳಿಂದ ಒಂದು ಹೊಸ ಕಪ್ಪೆಯನ್ನು ವಿಜ್ಞಾನಿಗಳು ಗುರುತಿಸಿ, ಕಲ್ಲಿನ ಹೆಸರನ್ನೇ ಇಟ್ಟರು: ಮೈಕ್ರೋಹೈಲಾ ಲ್ಯಾಟರೈಟ್. ಉದ್ದ ಸುಮಾರು ಒಂದೂವರೆ ಸೆಂಟಿಮೀಟರ್. ಕೂಗು ಕೇಳಿದರೆ ಜೀರುಂಡೆ ಎಂದೇ ಅನಿಸುವಂಥದ್ದು. ಕಳೆದ ಜೂನ್‌ನಲ್ಲಿ ಮೊದಲ ಮಳೆ ಹಿಡಿದ ರಾತ್ರಿ ಕೆಸುವಿನ ಬುಡದಿಂದ ಅಂಥದ್ದೇ ಸದ್ದು ಬಂತು. ಟಾರ್ಚ್ ಹಿಡಿದು ಹೋದೆ, ನಿಂತಿತು. ಒಳಗೆ ಬಂದು ಬಾಗಿಲು ಹಾಕಿದೆ, ಮತ್ತೆ ಶುರು.