5ಡಿ ಮಾರ್ಕ್ 2 ಕೊಳ್ಳಲೇ, 7ಡಿ ಕೊಳ್ಳಲೇ?

ಪ್ರಶ್ನೆ: ಬಳಸಿದ ಡಿಎಸ್‌ಎಲ್‌ಆರ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಕ್ಯಾನನ್ 5ಡಿ ಮಾರ್ಕ್ 2 ಮತ್ತು ಕ್ಯಾನನ್ 7ಡಿ, ಎರಡೂ ನನ್ನ ಕೈಗೆಟಕುವಂತಿವೆ. ಫುಲ್ ಫ್ರೇಮ್ ಇರುವಾಗ ಇನ್ನೊಂದರ ಮಾತೇಕೆ ಎಂದು ಕೆಲವರು, 7ಡಿಯ ವೇಗದ ಮುಂದೆ ಮಾರ್ಕ್ 2 ನಿಲ್ಲದು ಎಂದು ಮತ್ತೆ ಕೆಲವರು ಹೇಳುತ್ತಾರೆ. ಹಕ್ಕಿಗಳ ಚಿತ್ರ ತೆಗೆಯುವ ಆಸೆ ಬಹಳವಿದೆ. ಮನೆಮಂದಿಯ ಭಾವಚಿತ್ರಗಳೂ ಪ್ರವಾಸದ ಭೂದೃಶ್ಯಗಳೂ ಬೇಕು. ಯಾವುದನ್ನು ಆರಿಸಲಿ?

ಉತ್ತರ: ಈ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಗೊಂದಲವಾಗುವುದು ಸಹಜವೇ. ಮಾರ್ಕ್ 2 ಪ್ರಕಟವಾದದ್ದು 2008ರ ಸೆಪ್ಟೆಂಬರಿನಲ್ಲಿ, 7ಡಿ ಪ್ರಕಟವಾದದ್ದು ಅದರ ಮರುವರ್ಷ ಅದೇ ತಿಂಗಳಿನಲ್ಲಿ. ಒಂದರ ದೇಹದ ತೂಕ 810 ಗ್ರಾಂ, ಇನ್ನೊಂದರದು 820 ಗ್ರಾಂ. ಎರಡಕ್ಕೂ ಎಲ್‌ಪಿ-ಇ6 ಬ್ಯಾಟರಿ, ಎರಡಕ್ಕೂ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಎರಡರಲ್ಲೂ ಡಿಜಿಕ್ 4 ಸಂಸ್ಕಾರಕ. 7ಡಿಯಲ್ಲಿ ಈ ಸಂಸ್ಕಾರಕ ಎರಡಿವೆ ಎಂಬುದಷ್ಟೇ ವ್ಯತ್ಯಾಸ. ಪಿಕ್ಸೆಲ್ ಲೆಕ್ಕದಲ್ಲೂ 21.1 ಮೆಗಾಪಿಕ್ಸೆಲ್‌ಗೂ 18 ಮೆಗಾಪಿಕ್ಸೆಲ್‌ಗೂ ಕಣ್ಣಿಗೆ ಕಾಣುವಷ್ಟು ಅಂತರವಿಲ್ಲ. ಆದರೆ ಒಳಗೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ ಮತ್ತು ಫೋಕಸ್ ವ್ಯವಸ್ಥೆಗಳು ಬೇರೆಬೇರೆ ಕೆಲಸಗಳನ್ನು ಉದ್ದೇಶಿಸಿ ರೂಪುಗೊಂಡವು. ಆದ್ದರಿಂದ ಯಾವುದು ಮೇಲು ಎಂದು ಕೇಳಿಕೊಳ್ಳುವ ಮೊದಲು, ನೀವು ತೆಗೆಯಲಿರುವ ಚಿತ್ರಗಳಲ್ಲಿ ಹೆಚ್ಚಾಗಿ ಕೊರತೆ ಬೀಳುವುದು ಬೆಳಕೋ ಅಥವಾ ಹತ್ತಿರ ಹೋಗುವ ಅವಕಾಶವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯನ್ನೇ ಹಿಡಿದು ಸಾಗುತ್ತದೆ.

ಮಾರ್ಕ್ 2ರ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರವಿದೆ, ಅಂದರೆ ಹಳೆಯ 35 ಮಿ.ಮೀ. ಫಿಲ್ಮಿನ ಅಳತೆಯೇ; ಫುಲ್ ಫ್ರೇಮ್ ಎನ್ನುವುದು ಇದನ್ನೇ. 7ಡಿಯದು 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರದ, ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರ್. ವಿಸ್ತೀರ್ಣದಲ್ಲಿ ಮೊದಲನೆಯದು ಎರಡನೆಯದರ ಎರಡೂವರೆ ಪಟ್ಟಿಗಿಂತಲೂ ದೊಡ್ಡದು. ಒಂದೇ ದೃಶ್ಯವನ್ನು ಒಂದೇ ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಮತ್ತು ಒಂದೇ ಷಟರ್ ವೇಗದಲ್ಲಿ ಎರಡರಲ್ಲೂ ಚೌಕಟ್ಟು ತುಂಬುವಂತೆ ತೆಗೆದರೆ, ದೊಡ್ಡ ಸೆನ್ಸರಿಗೆ ಒಟ್ಟಾರೆ ಅಷ್ಟು ಪಟ್ಟು ಹೆಚ್ಚು ಬೆಳಕು ಸಿಗುತ್ತದೆ. ಎಕ್ಸ್‌ಪೋಷರಿನ ಭಾಷೆಯಲ್ಲಿ ಹೇಳುವುದಾದರೆ ಇದು ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಎಂದರೆ ಇಮ್ಮಡಿ ಬೆಳಕು) ತುಸು ಹೆಚ್ಚಿನ ಲಾಭ. ಮಾರ್ಕ್ 2ರಲ್ಲಿ ಐಎಸ್‌ಒ 3200ರಲ್ಲಿ (ಬೆಳಕಿಗೆ ಕ್ಯಾಮೆರಾ ತೋರುವ ಸ್ಪಂದನೆಯ ಮಟ್ಟ) ತೆಗೆದ ಚಿತ್ರ 7ಡಿಯ ಐಎಸ್‌ಒ 1600ರ ಚಿತ್ರಕ್ಕಿಂತ ಕಳಪೆಯಾಗಿ ಕಾಣದಿರುವುದಕ್ಕೆ ಇದೇ ಕಾರಣ. ಫುಲ್ ಫ್ರೇಮನ್ನು ಹೊಗಳುವವರ ಮಾತಿನ ತಿರುಳೂ ಇದೇ, ಮತ್ತು ಆ ಮಾತು ಸುಳ್ಳಲ್ಲ.

ಆದರೆ ಆ ವಾಕ್ಯದಲ್ಲಿ ‘ಚೌಕಟ್ಟು ತುಂಬುವಂತೆ’ ಎಂಬ ಷರತ್ತೊಂದಿದೆ. ಹಕ್ಕಿಗಳ ವಿಷಯದಲ್ಲಿ ಆ ಷರತ್ತು ಪೂರೈಸುವುದೇ ಅಪರೂಪ. ನಿಮ್ಮ ಬಳಿ 400 ಮಿ.ಮೀ. ಲೆನ್ಸ್ ಇದೆ, ಕೊಂಬೆಯ ತುದಿಯಲ್ಲಿ ಕುಳಿತಿರುವ ಚಿಕ್ಕ ಹಕ್ಕಿಗೆ ಇನ್ನೆರಡು ಹೆಜ್ಜೆ ಹತ್ತಿರ ಹೋದರೂ ಅದು ಹಾರಿಹೋಗುತ್ತದೆ ಎಂದಿಟ್ಟುಕೊಳ್ಳಿ. ಅದೇ ಲೆನ್ಸು ಅದೇ ದೂರದಿಂದ ಎರಡೂ ಸೆನ್ಸರುಗಳ ಮೇಲೆ ಹಕ್ಕಿಯ ಬಿಂಬವನ್ನು ಒಂದೇ ಗಾತ್ರದಲ್ಲಿ ಮೂಡಿಸುತ್ತದೆ. 7ಡಿಯಲ್ಲಿ ಆ ಬಿಂಬ ಚೌಕಟ್ಟಿನ ಹೆಚ್ಚಿನ ಭಾಗವನ್ನು ತುಂಬುತ್ತದೆ, ಫುಲ್ ಫ್ರೇಮಿನಲ್ಲಿ 640 ಮಿ.ಮೀ. ಲೆನ್ಸ್ ತೋರುವಷ್ಟು ಇಕ್ಕಟ್ಟಾದ ನೋಟ ಸಿಗುತ್ತದೆ. ಮಾರ್ಕ್ 2ರಲ್ಲಿ ಹಕ್ಕಿಯ ಸುತ್ತ ಬೇಡದ ಜಾಗವೂ ಚಿತ್ರದೊಳಗೆ ಬರುವುದರಿಂದ, ಕೊನೆಗೆ ಅದನ್ನು ಕತ್ತರಿಸಲೇಬೇಕಾಗುತ್ತದೆ. 7ಡಿಯ ಚೌಕಟ್ಟಿನಷ್ಟೇ ಉಳಿಯುವಂತೆ ಕತ್ತರಿಸಿದರೆ 21.1 ಮೆಗಾಪಿಕ್ಸೆಲ್‌ಗಳಲ್ಲಿ ಉಳಿಯುವುದು ಸುಮಾರು 8 ಮಾತ್ರ. ಹಕ್ಕಿಯ ಗರಿಯ ಎಳೆಗಳನ್ನು ದಾಖಲಿಸಲು 7ಡಿಯಲ್ಲಿ 18 ಮೆಗಾಪಿಕ್ಸೆಲ್, ಮಾರ್ಕ್ 2ರಲ್ಲಿ 8.

ಇದಕ್ಕಿಂತ ಮುಖ್ಯವಾದ, ಆದರೆ ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ಮಾರ್ಕ್ 2ರ ಚಿತ್ರವನ್ನು ಹಾಗೆ ಕತ್ತರಿಸಿದ ಮೇಲೆ ಉಳಿಯುವುದು ಸೆನ್ಸರಿನ 22.3 × 14.9 ಮಿ.ಮೀ. ಭಾಗದಲ್ಲಿ ಬಿದ್ದ ಬೆಳಕು ಮಾತ್ರ. ಸುತ್ತಲಿನ ಬೆಳಕನ್ನು ನೀವು ಎಸೆದಾಗಿದೆ. ಅಂದರೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ವಿಷಯದಲ್ಲಿ ಮಾರ್ಕ್ 2ಕ್ಕಿದ್ದ ಮೇಲುಗೈ ಆ ಕತ್ತರಿಯ ಜೊತೆಗೇ ಬಹುಮಟ್ಟಿಗೆ ಹೊರಟುಹೋಗುತ್ತದೆ. ಎರಡೂ ಚಿತ್ರಗಳನ್ನು ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ 7ಡಿಯದು ಹೆಚ್ಚು ಕಾಳುಕಾಳಾಗಿ ಕಾಣುವುದು ನಿಜ, ಏಕೆಂದರೆ ಅದರ ಪಿಕ್ಸೆಲ್‌ಗಳು ಚಿಕ್ಕವು. ಹಕ್ಕಿ ಒಂದೇ ಗಾತ್ರಕ್ಕೆ ಬರುವಂತೆ ಮುದ್ರಿಸಿ ನೋಡಿದರೆ ಆ ವ್ಯತ್ಯಾಸ ಹೆಚ್ಚೇನೂ ಉಳಿಯದು. ಮುಂಜಾನೆಯ ಮಂದ ಬೆಳಕಿನಲ್ಲಿ ಹಕ್ಕಿ ತೆಗೆಯಲು ಫುಲ್ ಫ್ರೇಮೇ ಬೇಕು ಎಂಬ ಸಲಹೆ, ಅದಕ್ಕೆ ತಕ್ಕ ಉದ್ದದ 600 ಮಿ.ಮೀ. ಲೆನ್ಸ್ ಹೊತ್ತವರಿಗೆ ಸರಿ, 400 ಮಿ.ಮೀ.ಗೆ ನಿಲ್ಲುವವರಿಗೆ ಸರಿಯಲ್ಲ.

ಇನ್ನು ಫೋಕಸ್. ಮಾರ್ಕ್ 2ರಲ್ಲಿ ಆರಿಸಿಕೊಳ್ಳಬಹುದಾದ 9 ಫೋಕಸ್ ಬಿಂದುಗಳಿವೆ. ಅವುಗಳಲ್ಲಿ ಅಡ್ಡಗೆರೆ, ಉದ್ದಗೆರೆ ಎರಡನ್ನೂ ಗುರುತಿಸಬಲ್ಲ ಕ್ರಾಸ್ ಮಾದರಿಯದು ನಡುವಿನದೊಂದೇ. ಚಲಿಸುವ ವಿಷಯವನ್ನು ಹಿಂಬಾಲಿಸುವಾಗ ನೆರವಾಗಲೆಂದು ನಡುಬಿಂದುವಿನ ಸುತ್ತ ಕಣ್ಣಿಗೆ ಕಾಣದ ಇನ್ನೂ 6 ಬಿಂದುಗಳಿವೆಯಾದರೂ, ಅವೆಲ್ಲವೂ ಚೌಕಟ್ಟಿನ ಮಧ್ಯಭಾಗದಲ್ಲೇ ಗುಂಪುಗೂಡಿವೆ. 7ಡಿಯಲ್ಲಿ 19 ಬಿಂದುಗಳಿದ್ದು, ಎಫ್/5.6 ಲೆನ್ಸಿನೊಂದಿಗೂ ಹತ್ತೊಂಬತ್ತೂ ಕ್ರಾಸ್ ಮಾದರಿಯಲ್ಲೇ ಕೆಲಸ ಮಾಡುತ್ತವೆ. ಒಂದು ಬಿಂದುವನ್ನು ಆರಿಸಿ ಅದರ ನೆರೆಯವುಗಳ ನೆರವು ಪಡೆಯುವ, ಅಥವಾ ಬಿಂದುಗಳ ಒಂದು ವಲಯವನ್ನೇ ಆರಿಸುವ ಅನುಕೂಲವೂ ಇದೆ. ಜೊತೆಗೆ ಸೆಕೆಂಡಿಗೆ 8 ಚಿತ್ರಗಳ ವೇಗ. ಮಾರ್ಕ್ 2ರದು 3.9. ರೆಕ್ಕೆ ಬಡಿಯುವ ಹಕ್ಕಿಯ ವಿಷಯದಲ್ಲಿ ಈ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದು, ಏಕೆಂದರೆ ರೆಕ್ಕೆ ಪೂರ್ತಿ ಬಿಚ್ಚಿದ ಕ್ಷಣವನ್ನು ಬೆರಳ ಚುರುಕಿನಿಂದಲೇ ಹಿಡಿಯುವುದು ಅನುಭವಿಗಳಿಗೂ ಕಷ್ಟ. 2012ರಲ್ಲಿ ಬಂದ ಹೊಸ ಒಳತಂತ್ರಾಂಶವಾದ ಫರ್ಮ್‌ವೇರ್ 2.0 ಹಾಕಿಕೊಂಡ 7ಡಿಯಲ್ಲಿ ಒಂದೇ ಸಲಕ್ಕೆ ಸತತವಾಗಿ ತೆಗೆಯಬಹುದಾದ ರಾ (ಸಂಸ್ಕರಿಸದ ಮೂಲರೂಪದ) ಚಿತ್ರಗಳ ಸಂಖ್ಯೆ 15ರಿಂದ 25ಕ್ಕೆ ಏರಿತು. ಕೊಳ್ಳುವ ಕ್ಯಾಮೆರಾದಲ್ಲಿ ಅದು ಇದೆಯೇ ಎಂದು ಮೆನುವಿನಲ್ಲಿ ನೋಡಿಕೊಳ್ಳಿ.

ಎರಡಕ್ಕೂ ಒಂದು ಮಿತಿ ಸಮಾನ. ಲೆನ್ಸನ್ನು ಪೂರ್ತಿ ತೆರೆದಾಗಲೂ ಅಪರ್ಚರ್ ಎಫ್/5.6ಕ್ಕಿಂತ ಕಿರಿದಾಗಿದ್ದರೆ ಇವು ತಾವಾಗಿ ಫೋಕಸ್ ಮಾಡುವುದಿಲ್ಲ. ಆದ್ದರಿಂದ 400 ಮಿ.ಮೀ. ಎಫ್/5.6 ಲೆನ್ಸಿಗೆ 1.4 ಪಟ್ಟಿನ ಎಕ್ಸ್‌ಟೆಂಡರ್ ಸೇರಿಸಿ ನೋಟವನ್ನು ಹಿಗ್ಗಿಸಿ ಮಾರ್ಕ್ 2ರ ಕೊರತೆಯನ್ನು ತುಂಬಿಕೊಳ್ಳುತ್ತೇನೆ ಎಂಬ ಯೋಚನೆ ಫಲಿಸದು, ಏಕೆಂದರೆ ಆಗ ಅಪರ್ಚರ್ ಎಫ್/8ಕ್ಕೆ ಇಳಿಯುತ್ತದೆ.

ಇಷ್ಟು ಓದಿದ ಮೇಲೆ ಮಾರ್ಕ್ 2 ಸೋತಿತು ಎಂದು ತೀರ್ಮಾನಿಸಬೇಡಿ. ಭಾವಚಿತ್ರದ ವಿಷಯಕ್ಕೆ ಬಂದರೆ ಲೆಕ್ಕ ತಿರುವುಮುರುವಾಗುತ್ತದೆ, ಏಕೆಂದರೆ ಇಲ್ಲಿ ನೀವು ಬೇಕಾದಷ್ಟು ಹತ್ತಿರ ನಿಲ್ಲಬಹುದು, ಚೌಕಟ್ಟನ್ನು ತುಂಬಿಕೊಳ್ಳಬಹುದು. ಮನೆಯೊಳಗಿನ ಸಂಜೆಯ ದೀಪದಲ್ಲಿ, ಫ್ಲ್ಯಾಶ್ ಬಳಸಲು ಮನಸ್ಸಿಲ್ಲದಾಗ, ಆಗಲೇ ಹೇಳಿದ ಒಂದು ಸ್ಟಾಪಿಗೂ ಮೀರಿದ ಲಾಭ ಪೂರ್ತಿಯಾಗಿ ನಿಮ್ಮದಾಗುತ್ತದೆ. ಹಿನ್ನೆಲೆ ಮಸುಕಾಗುವ ರೀತಿಯಲ್ಲೂ ಅಂತರವಿದೆ: 85 ಮಿ.ಮೀ. ಎಫ್/1.8 ಲೆನ್ಸಿನಿಂದ ಮಾರ್ಕ್ 2ರಲ್ಲಿ ಸಿಗುವ ಚೌಕಟ್ಟಿಗೆ 7ಡಿಯಲ್ಲಿ 50 ಮಿ.ಮೀ. ಆಸುಪಾಸಿನ ಲೆನ್ಸ್ ಬೇಕು, ಮತ್ತು ಅದನ್ನು ಎಫ್/1.8ರಲ್ಲೇ ತೆರೆದಿಟ್ಟರೂ ಹಿನ್ನೆಲೆ ಫುಲ್ ಫ್ರೇಮಿನ ಎಫ್/2.8ರ ಹತ್ತಿರದಷ್ಟು ಮಾತ್ರ ಕರಗುತ್ತದೆ. ಇದು ಕೆಟ್ಟ ಫಲಿತಾಂಶವೇನಲ್ಲ, ಆದರೆ ಬೇರೆ ಫಲಿತಾಂಶ.

ಆದರೂ ಮಾರ್ಕ್ 2ರ ಫೋಕಸ್ ವ್ಯವಸ್ಥೆ ಭಾವಚಿತ್ರದಲ್ಲೂ ಕಾಡುತ್ತದೆ ಎಂಬುದನ್ನು ಮುಚ್ಚಿಡಬಾರದು. ಮುಖವನ್ನು ಚೌಕಟ್ಟಿನ ಒಂದು ಬದಿಗೆ ಇಡಬೇಕೆಂದಾಗ ಪಕ್ಕದ ಬಿಂದುಗಳನ್ನು ಮಂದ ಬೆಳಕಿನಲ್ಲಿ ನೆಚ್ಚುವಂತಿಲ್ಲ. ನಡುಬಿಂದುವಿನಿಂದ ಕಣ್ಣಿನ ಮೇಲೆ ಫೋಕಸ್ ಮಾಡಿ, ಬಳಿಕ ಕ್ಯಾಮೆರಾ ತಿರುಗಿಸಿ ಚೌಕಟ್ಟು ಹೊಂದಿಸುವುದು ರೂಢಿ. ಲೆನ್ಸನ್ನು ಪೂರ್ತಿ ತೆರೆದಿಟ್ಟು ಹತ್ತಿರದಿಂದ ತೆಗೆಯುವಾಗ ಆ ತಿರುವಿನಲ್ಲೇ ಫೋಕಸ್ ಕಣ್ಣಿನಿಂದ ಕಿವಿಯ ಕಡೆಗೆ ಜಾರುವುದುಂಟು. ಒಂದೆಡೆ ಕುಳಿತಿರುವ ಹಿರಿಯರಿಗೆ ಇದು ಸಾಕು. ಮನೆಯ ತುಂಬ ಓಡಾಡುವ ಮಗುವಿಗೆ 7ಡಿಯೇ ವಾಸಿ. 7ಡಿಯಲ್ಲಿ ಅಂತರ್ಗತ ಫ್ಲ್ಯಾಶ್ ಇದ್ದು, ಅದು ಪಕ್ಕದಲ್ಲಿಟ್ಟ ಬೇರೆ ಫ್ಲ್ಯಾಶನ್ನು ತಂತಿಯಿಲ್ಲದೆ ಚಾಲೂ ಮಾಡಬಲ್ಲದು. ಮಾರ್ಕ್ 2ರಲ್ಲಿ ಅಂತರ್ಗತ ಫ್ಲ್ಯಾಶೇ ಇಲ್ಲ.

ಭೂದೃಶ್ಯಕ್ಕೆ ಮಾರ್ಕ್ 2 ಸಲೀಸಾದ ಆಯ್ಕೆ, ಆದರೂ 7ಡಿ ಅಷ್ಟೇನೂ ಹಿಂದೆ ಬೀಳುವುದಿಲ್ಲ. ಟ್ರೈಪಾಡ್ ಮೇಲೆ ಐಎಸ್‌ಒ 100ರಲ್ಲಿ ಎರಡೂ ವಿವರಭರಿತ ಚಿತ್ರ ಕೊಡುತ್ತವೆ. ನೆರಳಿನ ಭಾಗವನ್ನು ಬಳಿಕ ಕಂಪ್ಯೂಟರಿನಲ್ಲಿ ಬಹಳವಾಗಿ ಬೆಳಗಿಸಲು ಹೊರಟರೆ ಎರಡರಲ್ಲೂ ಪಟ್ಟೆಪಟ್ಟೆಯಾದ ನಾಯ್ಸ್ ಮೇಲೇಳುತ್ತದೆ, ಇದು ಆ ಕಾಲದ ಕ್ಯಾನನ್ ಸೆನ್ಸರುಗಳ ಪರಿಚಿತ ದೋಷ. ಇಲ್ಲಿ ನಿಜವಾದ ಪ್ರಶ್ನೆ ಲೆನ್ಸಿನದು. ಎಪಿಎಸ್-ಸಿ ಕ್ಯಾಮೆರಾಗಳಿಗೆಂದೇ ಕ್ಯಾನನ್ ಮಾಡಿದ ಇಎಫ್-ಎಸ್ ಲೆನ್ಸುಗಳು 7ಡಿಗೆ ಹೊಂದುತ್ತವೆ, ಮಾರ್ಕ್ 2ಕ್ಕೆ ಕೂರುವುದೇ ಇಲ್ಲ. ಇಎಫ್ ಲೆನ್ಸುಗಳು ಎರಡಕ್ಕೂ ಹೊಂದುತ್ತವೆ. 17-40 ಮಿ.ಮೀ. ಎಫ್/4 ಮಾರ್ಕ್ 2ರಲ್ಲಿ ವಿಶಾಲವಾದ ಲೆನ್ಸ್, 7ಡಿಯಲ್ಲಿ ಅದರ ನೋಟ 27 ಮಿ.ಮೀ.ನಿಂದ ಶುರುವಾಗುವ ಸಾಧಾರಣ ಲೆನ್ಸಿನದು. ಅಷ್ಟೇ ವಿಶಾಲ ನೋಟ 7ಡಿಯಲ್ಲಿ ಬೇಕಿದ್ದರೆ ಇಎಫ್-ಎಸ್ 10-22 ಮಿ.ಮೀ. ಹುಡುಕಬೇಕು.

ವ್ಯೂಫೈಂಡರ್ ಬಗ್ಗೆ ವಿವರಪಟ್ಟಿ ನೋಡಿ ಮೋಸಹೋಗುವವರು ಬಹಳ. 7ಡಿಯ ಹಿಗ್ಗಿಸುವಿಕೆ 1.0 ಪಟ್ಟು, ಮಾರ್ಕ್ 2ರದು 0.71 ಪಟ್ಟು ಎಂದು ಬರೆದಿರುತ್ತದೆ. ಆದರೆ ಆ ಅಂಕಿಗಳನ್ನು ಅಳೆಯುವುದು ಒಂದೇ 50 ಮಿ.ಮೀ. ಲೆನ್ಸಿನಿಂದ, 7ಡಿಯ ಅಂಕಿಯನ್ನು ಸೆನ್ಸರುಗಳ ಅಗಲದ ಅನುಪಾತವಾದ 1.6ರಿಂದ ಭಾಗಿಸಿದಾಗ ಸುಮಾರು 0.63 ಆಗುತ್ತದೆ. ಕಣ್ಣಿಟ್ಟಾಗ ದೊಡ್ಡದಾಗಿ ಕಾಣುವುದು ಮಾರ್ಕ್ 2ರ ನೋಟವೇ. ಚೌಕಟ್ಟಿನ ಅಂಚನ್ನು ಪೂರ್ತಿ ತೋರಿಸುವುದರಲ್ಲಿ ಮಾತ್ರ 7ಡಿ ಮುಂದು: ಅದು ಹೆಚ್ಚುಕಡಿಮೆ ಶೇ. 100 ತೋರಿಸುತ್ತದೆ, ಮಾರ್ಕ್ 2 ಶೇ. 98.

ವಿಡಿಯೊ ನಿಮ್ಮ ಪ್ರಶ್ನೆಯಲ್ಲಿಲ್ಲದ ಕಾರಣ ಒಂದೇ ಮಾತು ಹೇಳುತ್ತೇನೆ. ಎರಡೂ 1080ಪಿ ದಾಖಲಿಸುತ್ತವೆ, ಆದರೆ ದಾಖಲಿಸುತ್ತಿರುವಾಗ ಚಲಿಸುವ ವಿಷಯವನ್ನು ತಾವಾಗಿ ಫೋಕಸ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದಕ್ಕಾಗಿ ಇವುಗಳನ್ನು ಈಗ ಕೊಳ್ಳುವುದು ಬೇಡ.

ಯಾವುದನ್ನೇ ಆರಿಸಿದರೂ ಕೊಳ್ಳುವ ಮುನ್ನ ನೋಡಬೇಕಾದವು ಕೆಲವಿವೆ. ಎರಡರ ಷಟರಿಗೂ ಕಂಪನಿ ಹೇಳುವ ಬಾಳಿಕೆ 1.5 ಲಕ್ಷ ಚಿತ್ರಗಳು. 7ಡಿ ಸೆಕೆಂಡಿಗೆ 8 ಚಿತ್ರ ತೆಗೆಯುವುದರಿಂದ, ಕ್ರೀಡೆ ಅಥವಾ ಹಕ್ಕಿ ತೆಗೆದವರ ಕೈಯಲ್ಲಿದ್ದ 7ಡಿ ಆ ಸಂಖ್ಯೆಯ ಸಮೀಪಕ್ಕೆ ಬೇಗ ಹೋಗಿರುತ್ತದೆ. ಷಟರ್ ಎಣಿಕೆಯನ್ನು ಈ ಕ್ಯಾಮೆರಾಗಳು ಚಿತ್ರದ ಕಡತದಲ್ಲಿ ಬರೆಯುವುದಿಲ್ಲ. ಕಂಪ್ಯೂಟರಿಗೆ ಜೋಡಿಸಿ ಸೂಕ್ತ ತಂತ್ರಾಂಶದಿಂದ ಓದಬೇಕು. ಕಾರ್ಡ್ ಕೂರುವ ಗುಂಡಿಯೊಳಗೆ ಬೆಳಕು ಹಾಯಿಸಿ ಸೂಜಿಗಳಲ್ಲಿ ಒಂದಾದರೂ ಬಾಗಿದೆಯೇ ನೋಡಿ, ಏಕೆಂದರೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಓರೆಯಾಗಿ ತುರುಕಿದಾಗ ಹಾಳಾಗುವುದು ಅವೇ. ಬ್ಯಾಟರಿಯ ಸ್ಥಿತಿಯನ್ನು ಮೆನುವೇ ಹೇಳುತ್ತದೆ: ಬ್ಯಾಟರಿ ಮಾಹಿತಿ ಎಂಬಲ್ಲಿ ಮರುಚಾರ್ಜ್ ಸಾಮರ್ಥ್ಯ ಮೂರು ಗೆರೆಗಳಲ್ಲಿ ಕಾಣಿಸುತ್ತದೆ. ಕೊನೆಯದಾಗಿ ಬಿಳಿ ಗೋಡೆಯನ್ನೋ ಆಕಾಶವನ್ನೋ ಎಫ್/16ರಲ್ಲಿ ತೆಗೆದು, ಸೆನ್ಸರಿನ ಮೇಲಿನ ಧೂಳೂ ಗೀರೂ ಎಷ್ಟಿವೆ ಎಂದು ಹಿಗ್ಗಿಸಿ ನೋಡಿ. ಧೂಳು ಒರೆಸಿದರೆ ಹೋಗುತ್ತದೆ, ಗೀರು ಹೋಗುವುದಿಲ್ಲ.

ನಿಮ್ಮ ಮೂರು ಅಗತ್ಯಗಳಲ್ಲಿ ಎರಡು ಮಾರ್ಕ್ 2ರ ಕಡೆಗೆ ವಾಲುತ್ತವೆ, ಒಂದು 7ಡಿಯ ಕಡೆಗೆ. ಹಾಗಿದ್ದೂ ನನ್ನ ಸಲಹೆ 7ಡಿ. ಅದಕ್ಕೆ 50 ಮಿ.ಮೀ. ಎಫ್/1.8 ಹಾಕಿದರೆ ಮನೆಮಂದಿಯ ಚಿತ್ರಗಳು ಚೆನ್ನಾಗಿಯೇ ಬರುತ್ತವೆ, ಭೂದೃಶ್ಯಕ್ಕೂ ಕೊರತೆಯಾಗದು. ಆದರೆ ಮಾರ್ಕ್ 2ಕ್ಕೆ 400 ಮಿ.ಮೀ. ಹಾಕಿ ಹಾರುವ ಹಕ್ಕಿಯ ಹಿಂದೆ ಬಿದ್ದರೆ ಅದರ ಕೊರತೆಯನ್ನು ತುಂಬಲು ಅಗ್ಗದ ದಾರಿಯಿಲ್ಲ. ಈ ಸಲಹೆಗೊಂದು ಷರತ್ತುಂಟು. ಉದ್ದದ ಲೆನ್ಸಿಗೆ ಹಣ ತೆಗೆದಿಡುವ ಉದ್ದೇಶ ನಿಮಗಿಲ್ಲದಿದ್ದರೆ, 7ಡಿಯ ಫೋಕಸ್ ಮತ್ತು ವೇಗ ಹಕ್ಕಿಯ ಮಟ್ಟಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಆಗ ಮರುಮಾತಿಲ್ಲದೆ ಮಾರ್ಕ್ 2 ತೆಗೆದುಕೊಳ್ಳಿ. ಉದ್ದೇಶವಿದ್ದರೆ 400 ಮಿ.ಮೀ. ಎಫ್/5.6 ಅಥವಾ ಕೈನಡುಕವನ್ನು ತಡೆಯುವ ವ್ಯವಸ್ಥೆಯಿರುವ 100-400 ಮಿ.ಮೀ. ನೋಡಿ; ಮೊದಲನೆಯದು ಹಗುರ, ಹಾರುವ ಹಕ್ಕಿಗೆ ಚುರುಕು, ಆದರೆ ಆ ವ್ಯವಸ್ಥೆ ಅದರಲ್ಲಿಲ್ಲ. ಇವೆರಡೂ ಇಎಫ್ ಲೆನ್ಸುಗಳಾದ್ದರಿಂದ, ಮುಂದೆಂದಾದರೂ ಫುಲ್ ಫ್ರೇಮ್ ಕೊಂಡಾಗ ಅವನ್ನು ಮಾರಬೇಕಾಗಿಲ್ಲ.