ರಿಪೋರ್ಟಿನಲ್ಲಿರುವ ಆ '4'

ಕೆಲವು ತಿಂಗಳ ಹಿಂದೆ ಒಬ್ಬ ಶಿಕ್ಷಕಿ ಬಂದಿದ್ದರು. ವಯಸ್ಸು 34. ಕೂತವರೇ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಬ್ಯಾಂಕ್ ಖಾತೆಗಳ ವಿವರ, ಪಾಸ್‌ವರ್ಡ್, ಮಗಳಿಗೆ ಯಾವ ಔಷಧಿ ಆಗಿಬರುವುದಿಲ್ಲ ಅನ್ನುವುದು, ಎಲ್ಲವನ್ನೂ ಗಂಡನಿಗಾಗಿ ಬರೆದಿಟ್ಟಿದ್ದರು. "ನಾಲ್ಕನೇ ಸ್ಟೇಜ್ ಅಂತೆ ಡಾಕ್ಟ್ರೇ" ಅಂದರು. ಯಾರು ಹೇಳಿದ್ದು ಅಂತ ಕೇಳಿದೆ. ರಿಪೋರ್ಟ್ ಮುಂದಿಟ್ಟರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿದ್ದ ಗಂಟಿನ ಅಲ್ಟ್ರಾಸೌಂಡ್, ಕೊನೆಯ ಸಾಲಿನಲ್ಲಿ 'ಟೈರ್ಯಾಡ್ಸ್ 4'. ಗಂಟಿಗೆ ಸೂಜಿ ಹಾಕಿ ಕೋಶ ತೆಗೆದು ನೋಡುವ ಸೂಜಿ ಪರೀಕ್ಷೆ ಇನ್ನೂ ಆಗಿಯೇ ಇರಲಿಲ್ಲ.

ಇಂಥದ್ದು ನನಗೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಮುಖ್ಯವಾಗಿ ನಮ್ಮ ಮೇಲೆಯೇ, ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ರಿಪೋರ್ಟ್ ಕಳಿಸಿ ಅದರ ಅರ್ಥ ಹೇಳಲು ಯಾರನ್ನೂ ಇಡದ ನಮ್ಮಂಥವರ ಮೇಲೆ. ರೋಗಿಗಳ ಮೇಲೂ ಒಂಚೂರು ಇದೆ, ಸುಳ್ಳು ಯಾಕೆ ಹೇಳಲಿ.

ಟೈರ್ಯಾಡ್ಸ್ ಅಂದರೆ ಸ್ಟೇಜ್ ಅಲ್ಲ. ಸ್ಕ್ಯಾನ್ ಮಾಡುವ ಡಾಕ್ಟರು ಗಂಟನ್ನು ನೋಡುತ್ತಾರೆ. ಗಟ್ಟಿ ಇದೆಯೋ ನೀರು ತುಂಬಿದೆಯೋ, ಎಷ್ಟು ಕಪ್ಪಗೆ ಕಾಣುತ್ತದೆ, ಅಗಲಕ್ಕಿಂತ ಎತ್ತರ ಜಾಸ್ತಿಯೋ, ಅಂಚು ಹೇಗಿದೆ, ಒಳಗೆ ಸುಣ್ಣದ ಚುಕ್ಕೆಗಳಿವೆಯೋ. ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸಿ 1ರಿಂದ 5ರೊಳಗೆ ಒಂದು ಗುಂಪಿಗೆ ಹಾಕುತ್ತಾರೆ. ಯಾವ ಗಂಟಿಗೆ ಸೂಜಿ ಹಾಕಬೇಕು, ಯಾವುದನ್ನು ಸುಮ್ನೆ ಬಿಡಬಹುದು ಅಂತ ತೀರ್ಮಾನಿಸುವುದಕ್ಕೆ ಈ ಲೆಕ್ಕ. ಅಮೆರಿಕದ ಪದ್ಧತಿಯಲ್ಲಿ 4ನೇ ಗುಂಪಿನ ಗಂಟು ಒಂದೂವರೆ ಸೆಂಟಿಮೀಟರ್ ಆಗುವವರೆಗೆ ಸಾಮಾನ್ಯವಾಗಿ ಸೂಜಿಯನ್ನೂ ಹಾಕುವುದಿಲ್ಲ. ಆ ಗುಂಪಿನ ನೂರು ಗಂಟುಗಳಲ್ಲಿ ಸುಮಾರು 5ರಿಂದ 20 ಕ್ಯಾನ್ಸರ್ ಆಗಿರಬಹುದು. ಮಿಕ್ಕ ಎಂಬತ್ತೋ ಅದಕ್ಕಿಂತ ಹೆಚ್ಚೋ ಗಂಟುಗಳು ಕ್ಯಾನ್ಸರ್ ಅಲ್ಲ.

ಸ್ಟೇಜ್ ಅನ್ನುವುದು ಕ್ಯಾನ್ಸರ್ ಅಂತ ಖಚಿತವಾದ ಮೇಲಿನ ಮಾತು. ಎಷ್ಟು ದೊಡ್ಡದು, ಎಲ್ಲಿಗೆ ಹರಡಿದೆ ಅನ್ನುವ ಲೆಕ್ಕ ಅದು. ಇನ್ನೊಂದು ವಿಚಿತ್ರ ಇದೆ. ಥೈರಾಯ್ಡಿನಲ್ಲಿ ಹೆಚ್ಚಾಗಿ ಬರುವ ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಕ್ಯಾನ್ಸರ್‌ಗಳಲ್ಲಿ, 55 ವರ್ಷದ ಒಳಗಿನವರಿಗೆ ಈಗಿನ ನಿಯಮದ ಪ್ರಕಾರ ಇರುವುದೇ ಎರಡು ಸ್ಟೇಜ್. ಶ್ವಾಸಕೋಶಕ್ಕೆ ಹೋಗಿದ್ದರೂ ಅದನ್ನು ಎರಡನೆಯದು ಅಂತಲೇ ಕರೆಯುತ್ತಾರೆ. ಆ ಶಿಕ್ಷಕಿ ಹೆದರಿದ್ದು ಅವರ ವಯಸ್ಸಿನಲ್ಲಿ ಈ ಕ್ಯಾನ್ಸರ್‌ಗಳಿಗೆ ಇಲ್ಲವೇ ಇಲ್ಲದ ಸ್ಟೇಜಿಗೆ!

ಸೂಜಿ ಪರೀಕ್ಷೆ ಆದ ಮೇಲೆ ಇನ್ನೊಂದು ನಂಬರ್ ಬರುತ್ತದೆ, ಬೆಥೆಸ್ಡಾ, 1ರಿಂದ 6. ಇದೂ ಸ್ಟೇಜ್ ಅಲ್ಲ. ಇನ್ನೂ ತಮಾಷೆ ಅಂದರೆ ಇಲ್ಲಿ 1 ಅಂದರೆ 'ಎಲ್ಲಕ್ಕಿಂತ ಒಳ್ಳೆಯದು' ಅಂತ ಅಲ್ಲ. ಸೂಜಿಯಲ್ಲಿ ಸಾಕಷ್ಟು ಕೋಶಗಳು ಬಂದಿಲ್ಲ, ಏನೂ ಹೇಳಲಾಗದು ಅಂತ ಅರ್ಥ. ಹತ್ತತ್ತು ಕೋಶಗಳ ಆರು ಗುಂಪಾದರೂ ಸಿಗಬೇಕು ಅನ್ನುವುದು ಸಾಮಾನ್ಯ ನಿಯಮ. ಸಿಗದಿದ್ದರೆ ಮತ್ತೆ ಸೂಜಿ. 2 ಅಂದರೆ ಸಾಧು ಗಂಟು, ಅಂದರೆ ಕ್ಯಾನ್ಸರ್ ಅಲ್ಲದ್ದು, ಎಲ್ಲರೂ ಕಾಯುವುದು ಅದನ್ನೇ. 3 ಮತ್ತು 4 ಸ್ಪಷ್ಟವಾಗಿ ಹೇಳಲಾಗದವು, 5 ಬಲವಾದ ಅನುಮಾನ, 6 ಕ್ಯಾನ್ಸರ್. ಪ್ರತಿ ಬಾರಿಯೂ ಇದನ್ನು ಚೀಟಿಯ ಹಿಂದೆ ಬರೆದುಕೊಡುತ್ತೇನೆ. ಚೀಟಿ ಕಳೆದುಹೋಗುತ್ತದೆ, ಗೂಗಲ್ ಮಾತ್ರ ಹಾಗೇ ಇರುತ್ತದೆ.

"ಹಾಗಾದರೆ ಏನೂ ಆಗಲ್ಲ ಅಲ್ವಾ?" ಅಂತ ಕೇಳಿದರೆ ನಾನು ಹೂಂ ಅನ್ನುವುದಿಲ್ಲ. ಒಬ್ಬರ ಗಂಟಿನ ಬಗ್ಗೆ ಪರೀಕ್ಷೆ ಮುಗಿಯದೆ ಮಾತು ಕೊಡುವುದು ತಪ್ಪು. ಆದರೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಹೆಚ್ಚಿನವರಿಗೆ ಎರಡು ಮೂರು ವಾರ ಕಾಯುವುದರಿಂದ ಏನೂ ಕೈತಪ್ಪುವುದಿಲ್ಲ. ಪ್ಯಾಪಿಲರಿ ಎಷ್ಟು ನಿಧಾನ ಅಂದರೆ, ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ 1993ರಿಂದ ಒಂದು ಸೆಂಟಿಮೀಟರ್‌ಗಿಂತ ದೊಡ್ಡದಲ್ಲದ ಇಂಥ ಕ್ಯಾನ್ಸರ್ ಇರುವ ಆಯ್ದ ರೋಗಿಗಳಿಗೆ ಆಪರೇಷನ್ ಮಾಡದೆ, ಸ್ಕ್ಯಾನ್ ಮಾಡುತ್ತಾ ಬರೀ ನೋಡುತ್ತಾ ಬಂದಿದ್ದಾರೆ. ಗಂಟು ಬೇಗ ಬೇಗ ಬೆಳೆಯುತ್ತಿದ್ದರೆ, ದನಿ ಒಡೆದದ್ದು ಸರಿಹೋಗದಿದ್ದರೆ, ಉಸಿರಾಟಕ್ಕೆ ಅಥವಾ ನುಂಗಲು ನಿಜವಾಗಿ ತೊಂದರೆಯಾದರೆ ಮಾತ್ರ ಕಾಯಬೇಡಿ, ಫೋನ್ ಮಾಡಿ.

'ನಿಜವಾಗಿ' ಅಂದದ್ದಕ್ಕೆ ಕಾರಣ ಇದೆ. ಎಷ್ಟೋ ಜನಕ್ಕೆ ಗಂಟು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ, ರಿಪೋರ್ಟ್ ಬಂದ ಮರುದಿನದಿಂದ ಗಂಟಲು ಹಿಡಿದುಕೊಳ್ಳುತ್ತದೆ. ಎಂಜಲು ನುಂಗುವಾಗ ಏನೋ ಅಡ್ಡ ಬಂದ ಹಾಗೆ, ಆದರೆ ಊಟ ಸಲೀಸಾಗಿ ಇಳಿಯುತ್ತದೆ. ಇದು ಹೆಚ್ಚಾಗಿ ಭಯದ ಕೆಲಸ. ನಾಟಕ ಅಲ್ಲ, ಅವರಿಗೆ ಹಾಗೇ ಅನಿಸುತ್ತಿರುತ್ತದೆ. ನಿವೃತ್ತರಾದ ಲೆಕ್ಕಿಗರೊಬ್ಬರು ದಿನಾ ಬೆಳಿಗ್ಗೆ ದಾರದಲ್ಲಿ ಕುತ್ತಿಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು, ಜೊತೆಗೆ ಗಂಟನ್ನು ಒತ್ತಿ ಒತ್ತಿ ಚರ್ಮ ಕೆಂಪಾಗಿತ್ತು. "ನೋವು ಶುರುವಾಗಿದೆ ಸಾರ್" ಅಂದರು. ಆಗದೆ ಇರುತ್ತದೆಯೇ? ದಾರ ನನ್ನ ಹತ್ತಿರ ಬಿಟ್ಟುಹೋಗಿ ಅಂದೆ. ಪಾಪ, ಬಿಟ್ಟುಹೋದರು. ಮನೆಯಲ್ಲಿ ಇನ್ನೊಂದು ಇತ್ತಂತೆ.

ಚಿಂತೆ ಮಾಡಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ನಿಲ್ಲುವುದೂ ಇಲ್ಲ. ಸೂಜಿ ಹಾಕಿಸಿಕೊಂಡ ದಿನವೇ ಎರಡು ಪ್ರಶ್ನೆ ಕೇಳಿಬಿಡಿ. ರಿಪೋರ್ಟ್ ಯಾವತ್ತು ಬರುತ್ತದೆ, ಅದನ್ನು ನನಗೆ ಯಾರು ಓದಿ ಹೇಳುತ್ತಾರೆ? ತಾರೀಕು ಗೊತ್ತಿದ್ದರೆ ಅಲ್ಲಿಯವರೆಗೆ ಪ್ರತಿ ಫೋನಿಗೂ ಎದೆ ಹಾರುವುದಿಲ್ಲ. ಮೊಬೈಲಿಗೆ ಬಂದರೆ ಶನಿವಾರ ರಾತ್ರಿ ಒಬ್ಬರೇ ತೆರೆಯಬೇಡಿ. ರಾತ್ರಿ ಏಳುವ ಪ್ರಶ್ನೆಗಳನ್ನು ಬರೆದಿಡಿ, ಬರೆದರೆ ಹತ್ತು ಪ್ರಶ್ನೆ ಮೂರಾಗುವುದನ್ನು ನೋಡಿದ್ದೇನೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ, ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ಕೆಡಿಸಬಹುದು.

ಆ ಶಿಕ್ಷಕಿಗೆ ಮೊದಲ ಸೂಜಿಯಲ್ಲಿ ಬೆಥೆಸ್ಡಾ 1 ಬಂತು. ಕೋಶ ಸಾಲಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಹಾಕಿದೆವು, ಈ ಸಲ 2. ನಾನೇ ಖುಷಿಯಿಂದ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಹೋದ ಸಲ 1 ಇತ್ತಲ್ಲ ಡಾಕ್ಟ್ರೇ, ಈಗ ಜಾಸ್ತಿ ಆಯ್ತಾ?"