ಫಾರಿನ್‌ಗೆ ಹೋದ ಮಕ್ಳು ಬೆಳೆಯೋದು ಎಲ್ಲಿ?

ಕೊಡಗಿನವರಿಗೆ ಮಕ್ಳನ್ನ ದೂರ ಕಳ್ಸೋದು ಹೊಸ್ದೇನಲ್ಲ, ಮೈಸೂರು ಮಂಗಳೂರು ಹಾಸ್ಟೆಲ್ಲು, ಮಿಲಿಟರಿ, ಎಲ್ಲಾ ನೋಡಿರೋರೇ. ಹಂಗಾಗಿ ಜರ್ಮನಿಗೆ ಮಾಸ್ಟರ್ಸ್‌ಗೆ ಹೊರಟ್ರೂ "ಹಾಸ್ಟೆಲ್‌ನಲ್ಲಿ ಬೆಳೆದ ಹುಡ್ಗ ಮೇಡಂ, ಏನೂ ಆಗಲ್ಲ" ಅಂತಾರೆ. ಆಮೇಲೆ ನವೆಂಬರ್‌ನಲ್ಲಿ ಫೋನ್ ಬರುತ್ತೆ. ಇಲ್ಲಿ ಅರೇಬಿಕಾ ಕುಯ್ಲು ಶುರುವಾಗೋ ಹೊತ್ತಿಗೆ ಅಲ್ಲಿ ಸಂಜೆ ಐದಕ್ಕೆಲ್ಲಾ ಕತ್ತಲೆ, ಹುಡುಗ್ರು ಸಪ್ಪಗಾಗಿರ್ತಾರೆ, ಮಡಿಕೇರಿಲಿ ಕೌನ್ಸೆಲಿಂಗ್ ಮಾಡೋ ನಂಗೆ ಅದೇ ಸೀಸನ್ನು.

ಮೊದಲು ಖುಷಿ, ಆಮೇಲೆ ಕುಗ್ಗೋದು, ನಿಧಾನಕ್ಕೆ ಹೊಂದ್ಕೊಳ್ಳೋದು ಅಂತ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್ 1955ರಲ್ಲೇ ಬರೆದಿದ್ರು, ಅಮೆರಿಕಾಗೆ ಫುಲ್‌ಬ್ರೈಟ್ ಸ್ಕಾಲರ್‌ಶಿಪ್‌ನಲ್ಲಿ ಹೋಗಿಬಂದ 200 ನಾರ್ವೆಯವರನ್ನ ಮಾತಾಡ್ಸಿ. ಎಲ್ರಿಗೂ ಇದೇ ಕ್ರಮದಲ್ಲಿ ಆಗಲ್ಲ ಬಿಡಿ, ಕೆಲವ್ರಿಗೆ ಮೊದಲ ವಾರದಿಂದ್ಲೇ ಕಷ್ಟ.

ಅಪ್ಪ ಅಮ್ಮ ತಲೆ ಕೆಡಿಸ್ಕೊಳ್ಳೋದು ದುಡ್ಡು, ವೀಸಾ, ಬ್ಲಾಕ್ಡ್ ಅಕೌಂಟ್ (ವೀಸಾಗೆ ಅಂತ ಖರ್ಚಿನ ದುಡ್ಡು ಮುಂಚೇನೇ ಇಡೋ ಖಾತೆ) ಬಗ್ಗೆ. ಅದೆಲ್ಲಾ ಏಜೆಂಟ್ ನೋಡ್ಕೋತಾನೆ. ಮಾರ್ಕ್ಸ್ ವಿಷ್ಯಕ್ಕೂ ಗಾಬರಿ, ಅಲ್ಲಿ 1.0 ಅಂದ್ರೆ ಟಾಪು, 4.0 ಜಸ್ಟ್ ಪಾಸು, ಇದು ಗೊತ್ತಿಲ್ದೆ "ಮಗಳಿಗೆ ಒಂದೂವರೆ ಬಂದಿದ್ಯಂತೆ" ಅಂತ ಅತ್ತವರೂ ಇದ್ದಾರೆ!

ನಿಜವಾದ ಪೆಟ್ಟು ಬೀಳೋದು ಅಡುಗೆಮನೇಲಿ. ಒಬ್ಬ ಹುಡ್ಗ (ಗುರುತು ಬದಲಿಸಿದ್ದೀನಿ), ತೋಟದ ಮನೆ, ಉಂಡ ತಟ್ಟೆ ಎತ್ತಿದವ್ನಲ್ಲ. ಅಲ್ಲಿ ನಾಲ್ಕು ಜನ ಶೇರ್ ಮಾಡೋ ಫ್ಲ್ಯಾಟು, ಫ್ರಿಡ್ಜ್ ಮೇಲೆ ಕ್ಲೀನಿಂಗ್ ಪಟ್ಟಿ. ಒಂದಿನ ಜರ್ಮನ್ ಹುಡ್ಗಿ ಅವ್ನ ಹೆಸರಿಗೆ ಗೆರೆ ಎಳೆದು "ಈ ವಾರ ಬಾತ್‌ರೂಮ್ ನಿಂದು, ಆಗಿಲ್ಲ" ಅಂತ ಚೀಟಿ ಅಂಟಿಸಿದ್ಲು. ಇವ್ನಿಗೆ ಅವಮಾನ ಆಗಿ ರಾತ್ರಿನೇ ಮನೆಗೆ ವಿಡಿಯೋ ಕಾಲು, ಅಮ್ಮ "ಬೇಡ ಮಗ, ನಮ್ಮವ್ರು ಇರೋ ಕಡೆ ರೂಮ್ ನೋಡು" ಅಂದ್ರು, ಅಪ್ಪ ಏಜೆಂಟ್‌ಗೆ ಫೋನ್ ಮಾಡಿದ್ರು. ನಾನು ಹೇಳಿದ್ದು ಇಷ್ಟೇ, ನೀನೇ ಹೋಗಿ ಕೇಳು, ಕೋಪ ಇದ್ಯಾ ಅಂತ. ಅವ್ಳಿಗೆ ಕೋಪಾನೇ ಇರ್ಲಿಲ್ಲ, ಪಟ್ಟಿ ಪ್ರಕಾರ ಹೇಳಿದ್ಲು, ಮುಗೀತು. ಕೆಲವು ತಿಂಗಳಾದ್ಮೇಲೆ ಇದೇ ಹುಡ್ಗ ರಾತ್ರಿ ಹತ್ತರ ಮೇಲೆ ಜೋರಾಗಿ ಹಾಡು ಹಾಕಿದ ಇನ್ನೊಬ್ಬನಿಗೆ ಮುಖಕ್ಕೇ ಹೇಳಿ ಜೊತೇಲಿ ಟೀ ಕುಡ್ದಿದ್ದ. ನಮ್ಮಲ್ಲಿ ಇಂಥದ್ದನ್ನ ಮೂರನೆಯವರ ಕೈಲಿ ಹೇಳಿಸ್ತೀವಿ, ಇಲ್ಲಾ ನುಂಗ್ಕೊಂಡು ಮಾತು ಬಿಡ್ತೀವಿ. ಜಗಳ ಇಲ್ದೆ ನೇರ ಹೇಳೋದನ್ನ ಅವ್ನು ಕಲ್ತಿದ್ದು ಆ ಫ್ಲ್ಯಾಟಲ್ಲಿ. (ಬಣ್ಣ, ದೇಶ ನೋಡಿ ಬೈದ್ರೆ ಅದು ಬೇರೆ, ಸುಮ್ನಿರ್ಬಾರ್ದು, ಯೂನಿವರ್ಸಿಟಿಗೆ ದೂರು ಕೊಡ್ಬೇಕು.)

ಜರ್ಮನಿಯ ಯೇನಾ ಯೂನಿವರ್ಸಿಟಿಯ ಜಿಮ್ಮರ್‌ಮನ್ ಮತ್ತೆ ನೇಯರ್ 2013ರಲ್ಲಿ ಜರ್ಮನ್ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಹೊರದೇಶಕ್ಕೆ ಹೋದವ್ರಲ್ಲಿ ಹೊಸದಕ್ಕೆ ತೆರೆದ್ಕೊಳ್ಳೋ ಗುಣ ಜಾಸ್ತಿ ಆಗಿತ್ತು, ಆತಂಕದ ಸ್ವಭಾವ ಕಮ್ಮಿ ಆಗಿತ್ತು. ಅದಕ್ಕೆ ದೊಡ್ಡ ಕಾರಣ ಬೇರೆ ದೇಶದವರ ಜೊತೆ ಬೆಳೆದ ಹೊಸ ಸಂಬಂಧಗಳು. ನಮ್ಮ ಭಾಷೆಯವ್ರು ಜೊತೆಗಿರ್ಲಿ, ಜ್ವರ ಬಂದಾಗ ಗಂಜಿ ಕಾಯ್ಸೋಕೆ ಬೇಕೇ ಬೇಕು, ಆದ್ರೆ ರೂಮಲ್ಲೂ ಕ್ಲಾಸಲ್ಲೂ ವೀಕೆಂಡಲ್ಲೂ ಅವ್ರೇ ಅಂದ್ರೆ ಅಷ್ಟು ದೂರ ಹೋಗಿದ್ದು ಡಿಗ್ರಿಗೆ ಮಾತ್ರ.

ಅಪ್ಪ ಅಮ್ಮಂಗೆ ನಾನು ಹೇಳೋದು, ದಿನಾ ವಿಡಿಯೋ ಕಾಲ್ ನಿಲ್ಸಿ, ವಾರಕ್ಕೆರಡು ಸಾಕು. ಸಮಸ್ಯೆ ಹೇಳಿದ್ರೆ "ನೀನೇನ್ ಮಾಡ್ಬೇಕು ಅಂತಿದ್ದೀಯ" ಅಂತ ಕೇಳಿ, ಇಲ್ಲಿಂದ ಫೋನ್ ತಿರುಗಿಸ್ಬೇಡಿ. ಊಟ ಬಿಟ್ಟು, ನಿದ್ದೆ ಬಿಟ್ಟು, ಕ್ಲಾಸಿಗೂ ಹೋಗ್ದೆ ಎರಡು ವಾರ ಆಯ್ತು ಅಂದ್ರೆ ಮಾತ್ರ ಕಾಯ್ಬೇಡಿ, ಅಲ್ಲಿನ ಸ್ಟೂಡೆಂಟ್ ಕೌನ್ಸೆಲರ್ ಹತ್ರ ಕಳ್ಸಿ.

ಇನ್ನು ವಾಪಸ್ ಬಂದಾಗಿನ ಕಿರಿಕ್ಕು. ಆ ಹುಡ್ಗ ಪುತ್ತರಿಗೆ (ನಮ್ಮ ಸುಗ್ಗಿ ಹಬ್ಬ) ಬಂದವ್ನು ತಟ್ಟೆ ತೊಳ್ದ, ಮನೆಯವ್ರು ನಕ್ರು. ಲೈನ್ ಮನೆಯವರ (ತೋಟದ ಕೆಲಸಗಾರರ) ಕೂಲಿ ಬಗ್ಗೆ ಅಪ್ಪನ್ನ ನೇರ ಪ್ರಶ್ನೆ ಕೇಳ್ದ, ಆಗ ಯಾರೂ ನಗ್ಲಿಲ್ಲ. "ಎರಡು ವರ್ಷ ಹೊರಗಿದ್ದು ನಂಗೆ ತೋಟ ಹೇಳ್ಕೊಡ್ತಾನೆ" ಅಂತ ಅಪ್ಪ ನನ್ನ ಹತ್ರ ಬಂದಿದ್ರು. ಚೆಕ್‌ರೋಲ್ (ಹಾಜರಿ, ಕೂಲಿ ಪುಸ್ತಕ) ಅವ್ನ ಕೈಗೆ ಕೊಡಿ, ತೋಟದ ಲೆಕ್ಕ ಬರೆಯೋ ರೈಟರ್ ಜೊತೆ ಕೂತು ಒಂದು ವಾರ ಕೂಲಿ ಲೆಕ್ಕ ಬರೀಲಿ, ಆಮೇಲೆ ಇಬ್ರೂ ಮಾತಾಡಿ ಅಂದೆ. ಅಪ್ಪ ಒಪ್ಪಿದ್ರು, ಮಗನ್ನ ಇನ್ನೂ ಕೇಳ್ಬೇಕು.